‘ಡೌರ್’ ಮತ್ತು ‘ದೌಡು’: ಒಂದು ಅವಸರವಾಚಕ ಪದದ ಚರಿತ್ರೆ

೧

ಶಾಸನ, ಕಡತ, ನಾಣ್ಯ ಮೊದಲಾದವುಗಳಂತೆಯೇ ಪದಗಳೂ ಚರಿತ್ರೆಗೆ ಸಾಕ್ಷಿಗಳಾಗಬಲ್ಲವು ಎಂಬುದು ಇತಿಹಾಸದ ಅಭ್ಯಾಸಿಗಳಿಗೆ ಹೊಸ ಮಾತಲ್ಲ. ಆದರೆ ಈ ಬಗೆಯ ಸಾಕ್ಷ್ಯವನ್ನು ನಾವು ಸಾಮಾನ್ಯವಾಗಿ ಸ್ಥಳನಾಮಗಳಲ್ಲಿ, ಅಧಿಕಾರಪದವಿಗಳಲ್ಲಿ, ತೆರಿಗೆಯ ಹೆಸರುಗಳಲ್ಲಿ ಹುಡುಕುತ್ತೇವೆಯೇ ಹೊರತು ಕ್ರಿಯಾಪದಗಳಲ್ಲಿ ಹುಡುಕುವುದು ವಿರಳ. ಪ್ರಸ್ತುತ ಲೇಖನದಲ್ಲಿ ಅಂತಹ ಒಂದು ಕ್ರಿಯಾಪದವನ್ನು ಪರಿಶೀಲಿಸಲು ಉದ್ದೇಶಿಸಿದ್ದೇವೆ. ಅದು ಇಂಗ್ಲಿಷಿನಲ್ಲಿ ಒಂದು ಕಾಲಕ್ಕೆ ಬಳಕೆಯಲ್ಲಿದ್ದು ಈಗ ಮರೆತುಹೋಗಿರುವ ‘ಡೌರ್’ ಎಂಬ ಪದ. ಸೈನ್ಯದೊಡನೆ ಅವಸರದಿಂದ ಸಾಗುವುದು, ಧಾಳಿಯ ವೇಗದಲ್ಲಿ ಓಡುವುದು ಎಂಬುದು ಇದರ ಅರ್ಥ.

ಇದೇ ಪದದ ಒಡಹುಟ್ಟು ಯಾದಗಿರಿ ಜಿಲ್ಲೆಯ ಕೊಂಕಲ್ ಮೊದಲಾದ ಗ್ರಾಮಗಳಲ್ಲಿಯೂ, ಶಹಾಪುರ ಸುರಪುರಗಳ ಸೀಮೆಯಲ್ಲಿಯೂ ಇಂದಿಗೂ ಜೀವಂತವಾಗಿದೆ. ‘ದೌಡ ಬಾ’ ಎಂದರೆ ಬೇಗನೆ ಬಾ ಎಂದು ಅರ್ಥ. ‘ದೌಡ ಉಣ್ಣು’ ಎಂದರೆ ತಡಮಾಡದೆ ಊಟಮಾಡು ಎಂದು ಅರ್ಥ. ಗ್ರಂಥಸ್ಥ ಭಾಷೆಯಲ್ಲಿಯೂ, ವಿಶೇಷವಾಗಿ ವೃತ್ತಪತ್ರಿಕೆಗಳಲ್ಲಿ, ‘ದೌಡಾಯಿಸು’ ಎಂಬ ಕ್ರಿಯಾಪದ ಸುಪರಿಚಿತವಾಗಿದೆ. ಒಂದೇ ಮೂಲದಿಂದ ಹೊರಟ ಎರಡು ಪದಗಳಲ್ಲಿ ಒಂದು ಅಳಿದುದೇಕೆ, ಮತ್ತೊಂದು ಉಳಿದುದೇಕೆ ಎಂಬುದೇ ಇಲ್ಲಿ ವಿಚಾರಮಾಡಬೇಕಾದ ಪ್ರಶ್ನೆ.

ಈ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ನಮ್ಮ ಕಾಲೇಜುಗಳಿಗೆ ಈ ಸೀಮೆಯ ಗ್ರಾಮಗಳಿಂದ ಬರುವ ವಿದ್ಯಾರ್ಥಿಗಳ ಬರವಣಿಗೆಯಲ್ಲಿ ‘ದೌಡ’, ‘ಜಲ್ದಿ’, ‘ಲಗು’ ಎಂಬ ಪದಗಳು ಕಂಡಾಗ, ಅವು ಅಶುದ್ಧವೆಂದೂ ‘ಬೇಗ’, ‘ಅವಸರ’ ಎಂಬುವೇ ಶುದ್ಧ ಕನ್ನಡವೆಂದೂ ಕೆಂಪು ಮಸಿಯಿಂದ ತಿದ್ದುವ ಪದ್ಧತಿ ಬಹುಕಾಲದಿಂದ ಇದೆ. ಈ ತಿದ್ದುಪಡಿಗೆ ಚರಿತ್ರೆಯ ಆಧಾರ ಎಷ್ಟರಮಟ್ಟಿನದು ಎಂಬುದನ್ನು ಅಧ್ಯಾಪಕರಾದವರು ಒಮ್ಮೆ ನೋಡಿಕೊಳ್ಳುವುದು ಉಚಿತ.

೨

ಮೊದಲು ಇಂಗ್ಲಿಷಿನ ಪದವನ್ನು ನೋಡೋಣ. ಭಾರತದಲ್ಲಿದ್ದ ಇಂಗ್ಲಿಷರ ಆಡುಮಾತಿನ ಪದಗಳನ್ನು ಸಂಗ್ರಹಿಸಿ ಹೆನ್ರಿ ಯೂಲ್ ಮತ್ತು ಆರ್ಥರ್ ಕೋಕ್ ಬರ್ನೆಲ್ ಎಂಬ ವಿದ್ವಾಂಸರು ರಚಿಸಿದ ‘ಹಾಬ್ಸನ್-ಜಾಬ್ಸನ್’ ಎಂಬ ಕೋಶವು ೧೮೮೬ರಲ್ಲಿ ಪ್ರಕಟವಾಯಿತು. ವಿಲಿಯಂ ಕ್ರುಕ್ ಪರಿಷ್ಕರಿಸಿದ ಎರಡನೆಯ ಆವೃತ್ತಿ ೧೯೦೩ರಲ್ಲಿ ಹೊರಬಂದಿತು. ಯೂಲನು ಬಂಗಾಳದ ಸೈನ್ಯದ ಇಂಜಿನಿಯರ್; ಬರ್ನೆಲನು ಮದರಾಸು ಪ್ರಾಂತದ ಸಿವಿಲ್ ಅಧಿಕಾರಿ. ಈ ಎರಡನೆಯವನ ಹೆಸರು ನಮ್ಮ ಶಾಸನಾಭ್ಯಾಸಿಗಳಿಗೆ ಚಿರಪರಿಚಿತ. ದಕ್ಷಿಣ ಭಾರತದ ಲಿಪಿಶಾಸ್ತ್ರವನ್ನು ಕುರಿತು ೧೮೭೪ರಲ್ಲಿ ಗ್ರಂಥವನ್ನು ಪ್ರಕಟಿಸಿದವನೂ, ಮಂಗಳೂರಿನಲ್ಲಿದ್ದಾಗ ತುಳುನಾಡಿನ ಭೂತಾರಾಧನೆಯ ಪಾಡ್ದನಗಳನ್ನು ಸಂಗ್ರಹಿಸಿದವನೂ ಇವನೇ. ಕೋಶವು ಮುಗಿಯುವ ಮೊದಲೇ ೧೮೮೨ರಲ್ಲಿ ಬರ್ನೆಲನು ತೀರಿಕೊಂಡನು.

ಈ ಕೋಶದಲ್ಲಿ ‘ಡೌರ್’ ಎಂಬುದಕ್ಕೆ ಧಾಳಿ ಅಥವಾ ಅವಸರದ ದಂಡಯಾತ್ರೆ ಎಂಬ ಅರ್ಥವನ್ನು ಕೊಟ್ಟಿದೆ. ಹಿಂದಿಯ ‘ದೌಡ್’, ಅಂದರೆ ಓಟ, ಇದರ ಮೂಲವೆಂದು ಹೇಳಿದೆ. ಅದನ್ನೇ ಕ್ರಿಯಾಪದವಾಗಿಯೂ ಬಳಸುತ್ತಿದ್ದರೆಂದು ಸೂಚಿಸಿದೆ. ಅಲ್ಲಿ ಉದಾಹೃತವಾದ ಪ್ರಯೋಗವೊಂದು ವಿಲಿಯಂ ಡೆಲಫೀಲ್ಡ್ ಆರ್ನಾಲ್ಡನ ‘ಓಕ್‌ಫೀಲ್ಡ್’ ಎಂಬ ೧೮೫೩ರ ಕಾದಂಬರಿಯದು. ಸಂದರ್ಭ ೧೮೪೮-೪೯ರ ಎರಡನೆಯ ಸಿಖ್ ಯುದ್ಧ. ಅಟಕದ ಕೋಟೆ ಕೈಬಿಟ್ಟಿತು, ಛತ್ತರ್ ಸಿಂಗನು ಮಹಾವೇಗದಿಂದ ಇತ್ತ ಬರುತ್ತಿದ್ದಾನೆ ಎಂಬ ಸುದ್ದಿಯನ್ನು ಅಧಿಕಾರಿಯೊಬ್ಬನು ಭೋಜನದ ಡೇರೆಯಲ್ಲಿ ತಿಳಿಸುವಾಗ ಈ ಕ್ರಿಯಾಪದವನ್ನು ಪ್ರಯೋಗಿಸುತ್ತಾನೆ. ಸೈನಿಕರ ಡೇರೆ, ಶತ್ರುವಿನ ಚಲನೆ, ನಾಳೆಯ ಪ್ರಯಾಣ: ಈ ಮೂರರ ಆವರಣದಲ್ಲಿಯೇ ಆ ಪದದ ಬಾಳು ನಡೆಯಿತೆಂಬುದನ್ನು ವಾಚಕರು ಗಮನದಲ್ಲಿಡಬೇಕು.

ಇಂದಿನ ಸಾಮಾನ್ಯ ಇಂಗ್ಲಿಷ್ ನಿಘಂಟುಗಳಲ್ಲಿ ಇದೇ ಅಕ್ಷರಸಂಯೋಜನೆಯ ಬೇರೊಂದು ಪದವಿದೆ. ಅದು ಕಠೋರವಾದ, ಗಂಟುಮೋರೆಯ ಎಂಬ ಅರ್ಥದ ಗುಣವಾಚಕ. ಸ್ಕಾಟ್ಲೆಂಡಿನ ಮಾತಿನಿಂದ ಬಂದದ್ದು. ಅದಕ್ಕೂ ನಮ್ಮ ಪದಕ್ಕೂ ಯಾವ ಸಂಬಂಧವೂ ಇಲ್ಲ. ಹಳೆಯ ಆಂಗ್ಲೋ-ಇಂಡಿಯನ್ ಗ್ರಂಥಗಳನ್ನು ಓದುವ ವಿದ್ಯಾರ್ಥಿಗಳು ಈ ಎರಡನ್ನು ಒಂದೆಂದು ಭ್ರಮಿಸಬಾರದು.

ಈಗ ರೂಪದ ವಿಚಾರ. ಹಿಂದಿಯ ‘ದೌಡ್’ ಎಂಬಲ್ಲಿನ ಕೊನೆಯ ವ್ಯಂಜನವು ನಾಲಗೆಯನ್ನು ಹಿಂದಕ್ಕೆ ಮಡಿಚಿ ಮುಂದಕ್ಕೆ ಬಡಿಯುವುದರಿಂದ ಹುಟ್ಟುವ ಧ್ವನಿ. ಇಂಗ್ಲಿಷರ ಕಿವಿಗೆ ಅದು ‘ರ’ಕಾರವಾಗಿ ಕೇಳಿಸಿತು; ಆದುದರಿಂದ ‘ಡೌರ್’. ಕುದುರೆಯಾಳಾದ ‘ಘೋಡಾವಾಲಾ’ ಅವರ ಬಾಯಲ್ಲಿ ‘ಗೋರಾವಾಲಾ’ ಆದುದೂ ಇದೇ ಕಾರಣದಿಂದ. ಕನ್ನಡಿಗರ ಕಿವಿಗೆ ಅದೇ ಧ್ವನಿಯು ‘ಡ’ಕಾರವಾಗಿ ಕೇಳಿಸಿತು, ಹಿಂದಿಯ ರಸ್ತೆವಾಚಕವು ನಮ್ಮಲ್ಲಿ ‘ಸಡಕು’ ಆದಂತೆ ಇದು ‘ದೌಡು’ ಆಯಿತು. ಮರಾಠಿಯಲ್ಲಿಯೂ ಇದು ಡಕಾರಾಂತವಾದ ‘ದೌಡ’ವೇ. ಮೂಲದಲ್ಲಿ ಈ ಪದವು ಓಡು, ಹರಿ ಎಂಬರ್ಥದ ಸಂಸ್ಕೃತದ ‘ದ್ರು’ ಧಾತುವಿಗೆ ಸಂಬಂಧಿಸಿದುದೆಂದು ಭಾಷಾವಿದರು ತಿಳಿಸುತ್ತಾರೆ. ನಾವು ತತ್ಸಮವಾಗಿ ಬಳಸುವ ‘ದ್ರವ’ ಶಬ್ದವೂ ಅದೇ ಧಾತುವಿನದು. ಹೀಗೆ ‘ದೌಡ’ವನ್ನು ಪರಕೀಯವೆಂದು ತಳ್ಳುವವರು ‘ದ್ರವ’ವನ್ನು ಸ್ವಕೀಯವೆಂದು ಉಳಿಸಿಕೊಳ್ಳುವುದರಲ್ಲಿ ತರ್ಕವು ಕಾಣುವುದಿಲ್ಲ.

೩

ಪದದ ಹಿಂದೆ ಒಂದು ವ್ಯವಸ್ಥೆ ಇರುತ್ತದೆ. ಧಾಳಿಯ ವೇಗವು ಈ ಸೀಮೆಗೆ ಅಪರಿಚಿತವಾಗಿರಲಿಲ್ಲ. ಕೃಷ್ಣಾ ಭೀಮಾ ನದಿಗಳ ತೀರದ ಈ ಬಯಲು ಪ್ರದೇಶವು ಅಶ್ವಸೈನ್ಯದ ಸಂಚಾರಕ್ಕೆ ಅನುಕೂಲವಾದುದು. ನಾಲ್ಕು ಶತಮಾನಗಳಿಗೂ ಮಿಕ್ಕಿ ಬೇರೆ ಬೇರೆ ರಾಜ್ಯಗಳ ಗಡಿ ಇದರ ಸಮೀಪದಲ್ಲಿಯೇ ಹಾದುಹೋಗಿದೆ. ಈಗಿನ ಶಹಾಪುರ ತಾಲ್ಲೂಕಿನ ಸಗರದಲ್ಲಿ ಅಧಿಕಾರದಲ್ಲಿದ್ದ ಬಹಾಉದ್ದೀನ್ ಗುರ್ಶಾಸ್ಪನು ೧೩೨೬-೨೭ರ ಸುಮಾರಿಗೆ ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದು, ಸೋತು, ಕಂಪಿಲಿಯ ಅರಸನ ಆಶ್ರಯಕ್ಕೆ ಓಡಿದನು. ಅವನನ್ನು ಬೆನ್ನಟ್ಟಿ ಬಂದ ಸುಲ್ತಾನನ ಸೈನ್ಯವು ಕಂಪಿಲಿ ರಾಜ್ಯದ ಅಂತ್ಯಕ್ಕೆ ಕಾರಣವಾಯಿತು. ಕರ್ನಾಟಕದ ಚರಿತ್ರೆಯ ಗತಿಯನ್ನೇ ಬದಲಿಸಿದ ಓಟಗಳಲ್ಲೊಂದು ಹೀಗೆ ಈ ಸೀಮೆಯ ಒಂದು ಗ್ರಾಮದಿಂದಲೇ ಆರಂಭವಾಯಿತು.

ಕ್ರಿ.ಶ. ೧೩೪೭ರಲ್ಲಿ ಕಲಬುರ್ಗಿಯಲ್ಲಿ ಬಹಮನಿ ರಾಜ್ಯ ಸ್ಥಾಪಿತವಾಯಿತು. ಅನಂತರ ಬಿಜಾಪುರದ ಆದಿಲ್‌ಶಾಹಿ, ೧೬೮೬ರಲ್ಲಿ ಬಿಜಾಪುರವು ಔರಂಗಜೇಬನ ವಶವಾದ ಮೇಲೆ ಮೊಗಲರ ಆಳ್ವಿಕೆ, ಮರಾಠರ ಚೌಥ, ಹೈದರಾಬಾದಿನ ನಿಜಾಮರ ಪ್ರಭುತ್ವ ಇವು ಒಂದಾದಮೇಲೊಂದು ಬಂದವು. ಶಿಲೇದಾರ, ಬಾರಗೀರ ಮೊದಲಾದ ರಾವುತರ ಹೆಸರುಗಳು ಕನ್ನಡಕ್ಕೆ ಬಂದುದು ಈ ಅವಧಿಯಲ್ಲಿ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಪಿಂಡಾರಿಗಳ ಹಾವಳಿ. ೧೮೧೫ರಲ್ಲಿ ಅವರು ನಿಜಾಮನ ಸೀಮೆಯನ್ನು ಹಾದು ಕೃಷ್ಣಾ ತೀರದವರೆಗೆ ಬಂದರು. ೧೮೧೬ರ ಮಾರ್ಚಿನಲ್ಲಿ ಪೂರ್ವ ಕರಾವಳಿಯ ಗುಂಟೂರು ಪ್ರಾಂತವನ್ನು ಕೊಳ್ಳೆಹೊಡೆದರು. ಡೇರೆಯಾಗಲಿ ಸಾಮಾನಾಗಲಿ ಇಲ್ಲದೆ, ಒಂದೊಂದು ಊರನ್ನೂ ಮಿಂಚಿನಂತೆ ದೋಚಿ ಮಾಯವಾಗುವುದೇ ಅವರ ಕ್ರಮವಾಗಿತ್ತು. ೧೮೧೭-೧೮ರ ಯುದ್ಧದಿಂದ ಅವರ ಉಪಟಳ ಕೊನೆಗಂಡಿತು. ‘ದೌಡು’ ಎಂದರೆ ಓಟ ಮಾತ್ರವಲ್ಲ, ಧಾಳಿಯೂ ಹೌದೆಂಬ ಅರ್ಥವು ಅಂದಿನ ಜನರಿಗೆ ಕೋಶದಿಂದ ತಿಳಿಯಬೇಕಾಗಿರಲಿಲ್ಲ.

ಸುರಪುರದ ಚರಿತ್ರೆಯಲ್ಲಿ ಇದಕ್ಕೆ ಇನ್ನೊಂದು ನಿದರ್ಶನ ದೊರೆಯುತ್ತದೆ. ಫಿಲಿಪ್ ಮೆಡೋಸ್ ಟೇಲರನು ೧೮೪೧ರಿಂದ ೧೮೫೩ರವರೆಗೆ ಅಲ್ಲಿದ್ದು, ಅರಸು ವೆಂಕಟಪ್ಪನಾಯಕನು ಅಪ್ರಾಪ್ತವಯಸ್ಕನಾಗಿದ್ದ ಕಾಲದಲ್ಲಿ ಸಂಸ್ಥಾನದ ಮೇಲ್ವಿಚಾರಣೆಯನ್ನು ನಡೆಸಿದನು. ಮುಂದೆ ೧೮೫೮ರಲ್ಲಿ ವೆಂಕಟಪ್ಪನಾಯಕನು ಇಂಗ್ಲಿಷರ ವಿರುದ್ಧ ನಿಂತಾಗ, ಆ ವರ್ಷದ ಫೆಬ್ರವರಿಯಲ್ಲಿ ಲಿಂಗಸುಗೂರಿನ ದಂಡುಪ್ರದೇಶದಿಂದ ಕ್ಯಾಪ್ಟನ್ ವಿಂಡಮ್‌ನ ಪಡೆ ತ್ವರಿತವಾಗಿ ಸುರಪುರಕ್ಕೆ ಬಂದಿತು. ಬೇರೆ ದಿಕ್ಕುಗಳಿಂದಲೂ ಪಡೆಗಳು ಧಾವಿಸಿದವು. ಅರಸನು ಸೆರೆಯಾಗಿ ಅದೇ ವರ್ಷ ಮೃತನಾದನು. ೧೮೬೦ರಲ್ಲಿ ಸುರಪುರವು ನಿಜಾಮನಿಗೆ ಸೇರಿತು. ಕೋಶಕಾರರು ‘ಡೌರ್’ ಎಂದು ಯಾವುದನ್ನು ಕರೆದರೋ ಅಂತಹ ಅವಸರದ ದಂಡಯಾತ್ರೆಗೆ ಇದು ತಕ್ಕ ಮಾದರಿ. ಒಂದು ಸಂಸ್ಥಾನದ ಬಾಳು ಕೆಲವೇ ದಿನಗಳಲ್ಲಿ ಇತ್ಯರ್ಥವಾಯಿತು.

೪

ರಾವುತನ ಓಟದೊಂದಿಗೆ ಓಲೆಕಾರನ ಓಟವನ್ನೂ ನೆನೆಯಬೇಕು. ಅವಸರದ ಇನ್ನೊಂದು ವ್ಯವಸ್ಥೆ ಅಂಚೆಯದು. ಮೊರಾಕೋದ ಪ್ರವಾಸಿ ಇಬ್ನ್ ಬತೂತನು ತುಘಲಕನ ಕಾಲದ ಅಂಚೆಯನ್ನು ವರ್ಣಿಸಿದ್ದಾನೆ. ಕುದುರೆಯಂಚೆಗೆ ಪ್ರತಿ ೪ ಮೈಲಿಗೊಂದು ನೆಲೆ. ಕಾಲಾಳಿನ ಅಂಚೆಗೆ ಪ್ರತಿ ಮೈಲಿಗೆ ೩ ನೆಲೆಗಳು. ಓಟಗಾರನು ಒಂದು ಕೈಯಲ್ಲಿ ಓಲೆಯನ್ನೂ ಮತ್ತೊಂದರಲ್ಲಿ ತಾಮ್ರದ ಗೆಜ್ಜೆ ಕಟ್ಟಿದ ಕೋಲನ್ನೂ ಹಿಡಿದು ಶಕ್ತಿಮೀರಿ ಓಡುತ್ತಿದ್ದನು. ಗೆಜ್ಜೆಯ ಸದ್ದು ಕೇಳಿದೊಡನೆಯೇ ಮುಂದಿನ ನೆಲೆಯವನು ಸಿದ್ಧನಾಗಿ ನಿಲ್ಲುತ್ತಿದ್ದನು. ಈ ಕಾಲಾಳಂಚೆಯು ಕುದುರೆಯಂಚೆಗಿಂತ ವೇಗವಾದುದೆಂದು ಅವನು ಹೇಳುತ್ತಾನೆ. ಸಿಂಧ್ ಪ್ರಾಂತದಿಂದ ದೆಹಲಿಗೆ ೫೦ ದಿನಗಳ ಪ್ರಯಾಣ. ಸುದ್ದಿ ಮಾತ್ರ ೫ ದಿನಗಳಲ್ಲಿ ಮುಟ್ಟುತ್ತಿತ್ತು. ಸುಲ್ತಾನನು ದೌಲತಾಬಾದಿನಲ್ಲಿದ್ದಾಗ ಅವನು ಕುಡಿಯುವ ಗಂಗೆಯ ನೀರೂ, ಖುರಾಸಾನದ ಹಣ್ಣುಗಳೂ ಇದೇ ಓಟಗಾರರ ಹೆಗಲ ಮೇಲೆ ಬರುತ್ತಿದ್ದವಂತೆ. ಅವಸರ ಅರಸನದು, ಓಟ ಆಳಿನದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕರ್ನಾಟಕದಲ್ಲಿ ಚಿಕ್ಕದೇವರಾಜ ಒಡೆಯರು ೧೬೭೨ರಲ್ಲಿ ಸ್ಥಾಪಿಸಿದ ಮೈಸೂರಿನ ಅಂಚೆಯು ೧೮೮೯ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಡನೆ ವಿಲೀನವಾಗುವವರೆಗೆ ನಡೆದುಬಂದಿತು. ಉತ್ತರ ಭಾಗದಲ್ಲಿ ‘ಟಪಾಲು’ ಎಂಬ ಹೆಸರು ರೂಢಿಯಾಯಿತು. ಪಾರಸಿಯ ‘ಹರ್ಕಾರಾ’ ಎಂಬುದು ನಮ್ಮಲ್ಲಿ ‘ಹರಿಕಾರ’ನಾಯಿತು, ಹರಿ ಎಂಬ ಕನ್ನಡ ಧಾತುವಿನ ನೆನಪೂ ಅದರೊಡನೆ ಬೆರೆತು ಆ ಪದವು ನಮ್ಮದೇ ಎಂಬಂತೆ ಒಗ್ಗಿಕೊಂಡಿತು. ಅಂದು ಸುದ್ದಿ ಹೊತ್ತು ಮುಂದೆ ಓಡುತ್ತಿದ್ದ ಸೇವಕನನ್ನು ಸೂಚಿಸುತ್ತಿದ್ದ ಪದವು ಇಂದು ‘ನವೋದಯದ ಹರಿಕಾರ’ ಎಂಬಂತೆ ಒಂದು ಯುಗವನ್ನು ಆರಂಭಿಸಿದ ಮಹನೀಯರಿಗೆ ಸಲ್ಲುತ್ತಿದೆ. ಅರ್ಥದ ಈ ಏರಿಕೆಯಲ್ಲಿ ಕನ್ನಡವು ಓಡುವವನಿಗೆ ತೋರಿದ ಗೌರವವೊಂದು ಅಡಗಿದೆ ಎನ್ನಬಹುದು.

ಇಂಗ್ಲಿಷಿನಲ್ಲಿಯೂ ಅಂಚೆಯಿಂದ ಅವಸರದ ಪದ ಹುಟ್ಟಿದೆ. ಹದಿನಾರನೆಯ ಶತಮಾನದಲ್ಲಿ ಓಲೆಗಳ ಮೇಲೆ ‘ತ್ವರೆ, ಅಂಚೆಯವನೇ, ತ್ವರೆ’ ಎಂಬರ್ಥದ ಒಕ್ಕಣೆಯನ್ನು ಬರೆಯುತ್ತಿದ್ದರು. ಅದೇ ಮುಂದೆ ‘ಪೋಸ್ಟ್-ಹೇಸ್ಟ್’ ಎಂಬ ಕ್ರಿಯಾವಿಶೇಷಣವಾಗಿ ನಿಂತಿತು. ಅಲ್ಲಿಯೂ ಆ ಮಾತು ಆಜ್ಞೆಯಾಗಿ ಹುಟ್ಟಿದುದೇ.

೫

ಆಜ್ಞೆಯ ಪ್ರಸ್ತಾಪ ಬಂದುದರಿಂದ ಇಂಗ್ಲಿಷರು ಹಿಂದೂಸ್ತಾನಿಯಿಂದ ಪಡೆದ ಇತರ ಕ್ರಿಯಾಪದಗಳನ್ನು ನೋಡಬೇಕು. ಅವುಗಳಲ್ಲಿ ಒಂದು ವಿಚಿತ್ರವಾದ ಸಾಮ್ಯವಿದೆ: ಹಲವು ಪದಗಳು ಮೂಲದಲ್ಲಿ ವಿಧ್ಯರ್ಥಕ ರೂಪಗಳು. ಇಂದು ತಲೆತೊಳೆಯುವ ದ್ರವಕ್ಕೆ ಹೆಸರಾಗಿರುವ ‘ಶಾಂಪೂ’ ಹದಿನೆಂಟನೆಯ ಶತಮಾನದಲ್ಲಿ ಮೈ ಒತ್ತು ಎಂಬರ್ಥದ ‘ಚಾಂಪೋ’ ಎಂಬ ಅಪ್ಪಣೆಯಿಂದ ಬಂದುದು. ನೋಟವೆಂಬರ್ಥದ ಸೈನಿಕರ ಮಾತು ‘ಡೆಕ್ಕೋ’, ‘ದೇಖೋ’ ಎಂಬ ಅಪ್ಪಣೆಯಿಂದ ಬಂದುದು. ಹಿಡಿ ಎಂಬರ್ಥದ ‘ಪಕ್ಕರೋ’, ಹಚ್ಚು ಎಂಬರ್ಥದ ‘ಲಗೋ’, ಹೆದರಿಸು ಎಂಬರ್ಥದ ‘ಗಬ್ರೋ’ ಇವೆಲ್ಲವನ್ನೂ ‘ಹಾಬ್ಸನ್-ಜಾಬ್ಸನ್’ ದಾಖಲಿಸಿ, ವಿಧ್ಯರ್ಥಕ ರೂಪಗಳೇ ಇಂಗ್ಲಿಷಿನಲ್ಲಿ ಧಾತುಗಳಾದುದನ್ನು ತೋರಿಸುತ್ತದೆ. ಕಾರಣವು ಸ್ಪಷ್ಟವೇ. ಆ ಭಾಷೆಯನ್ನು ಅವರು ಬಹುಮಟ್ಟಿಗೆ ಕೇಳುವ ಭಾಷೆಯಾಗಿ ಕಲಿಯದೆ ಹೇಳುವ ಭಾಷೆಯಾಗಿ ಕಲಿತರು. ಅದರಲ್ಲಿಯೂ ಆಳುಗಳಿಗೆ ಹೇಳುವ ಭಾಷೆಯಾಗಿ ಕಲಿತರು. ತಾವು ಹೆಚ್ಚಾಗಿ ಉಚ್ಚರಿಸಿದ ರೂಪವೇ ಅವರ ನೆನಪಿನಲ್ಲಿ ನಿಂತಿತು.

ಅವಸರವಾಚಕಗಳ ಪೈಕಿ ಈ ವರ್ಗಕ್ಕೆ ಹತ್ತಿರವಾದುದು ‘ಜಿಲ್ಡಿ’. ಪಾರಸಿಯ ‘ಜಲ್ದ್’, ಅಂದರೆ ಚುರುಕಾದ, ಎಂಬುದರಿಂದ ‘ಜಲ್ದೀ’. ಅದು ಮೂಲದಲ್ಲಿ ಕ್ರಿಯಾಪದವಲ್ಲ. ‘ಜಲ್ದೀ ಕರೋ’ ಎಂದು ಕ್ರಿಯಾಪದವನ್ನು ಜೊತೆಗೂಡಿಸಿದರೆ ಮಾತ್ರ ಅಪ್ಪಣೆಯಾಗುತ್ತದೆ. ಇಂಗ್ಲಿಷ್ ಸಿಪಾಯಿಗಳ ಬಾಯಲ್ಲಿ ‘ಕರೋ’ ಬಿದ್ದುಹೋಗಿ ‘ಜಿಲ್ಡಿ’ ಎಂಬುದೊಂದೇ ಅಪ್ಪಣೆಯಾಗಿ ನಿಂತಿತು. ೧೮೫೭ರ ಅನಂತರ ಭಾರತದಲ್ಲಿರಿಸಿದ ಬ್ರಿಟಿಷ್ ಸೈನಿಕರ ಸಂಖ್ಯೆ ಸುಮಾರು ೬೦,೦೦೦. ಸಿಕಂದರಾಬಾದ್, ಬಳ್ಳಾರಿ, ಬೆಳಗಾವಿ, ಬೆಂಗಳೂರುಗಳ ದಂಡುಪ್ರದೇಶಗಳಲ್ಲಿ ಅವರ ನೆಲೆಗಳಿದ್ದವು. ೧೮೯೦ರಲ್ಲಿ ಪ್ರಕಟವಾದ ರಡ್ಯಾರ್ಡ್ ಕಿಪ್ಲಿಂಗನ ‘ಗಂಗಾ ದೀನ್’ ಎಂಬ ಕವನದಲ್ಲಿ ನೀರು ಹೊರುವ ಭಿಸ್ತಿಯನ್ನು ಗದರಿಸುವ ಸಿಪಾಯಿಯ ಬಾಯಲ್ಲಿ ಈ ಪದ ಬಂದಿದೆ. ಆ ಭಿಸ್ತಿ ತನಗಿಂತ ಮೇಲೆಂದು ಸಿಪಾಯಿಯೇ ಕೊನೆಗೆ ಒಪ್ಪಿಕೊಳ್ಳುತ್ತಾನೆಂಬುದು ಬೇರೆ ಮಾತು. ಆದರೆ ಪದವು ಯಾರಿಂದ ಯಾರ ಕಡೆಗೆ ಹರಿಯುತ್ತಿತ್ತೆಂಬುದಕ್ಕೆ ಆ ಸನ್ನಿವೇಶವೇ ಸಾಕ್ಷಿ.

ಕೋಶದ ಹೆಸರೂ ಇದನ್ನೇ ಹೇಳುತ್ತದೆ. ಮೊಹರಮ್ಮಿನಲ್ಲಿ ಕೇಳಿಬರುವ ‘ಯಾ ಹಸನ್, ಯಾ ಹುಸೇನ್’ ಎಂಬ ಶೋಕಘೋಷವು ದೂರದಲ್ಲಿ ನಿಂತ ಬ್ರಿಟಿಷ್ ಸಿಪಾಯಿಯ ಕಿವಿಯಲ್ಲಿ ‘ಹಾಬ್ಸನ್-ಜಾಬ್ಸನ್’ ಆಯಿತು. ಅದೇ ಮೊಹರಂ ಕಲಬುರ್ಗಿ, ಯಾದಗಿರಿ, ರಾಯಚೂರು ಸೀಮೆಯ ಹಳ್ಳಿಗಳಲ್ಲಿ ಎಲ್ಲ ಮತದವರೂ ಕೂಡಿ ನಡೆಸುವ ಅಲಾಯಿ ಹಬ್ಬವಾಗಿ, ಕನ್ನಡದ ರಿವಾಯತ ಪದಗಳಾಗಿ ಬೆಳೆಯಿತು. ಒಂದೇ ಧ್ವನಿಯನ್ನು ಹೊರಗೆ ನಿಂತು ಕೇಳಿದವರಿಗೂ ಒಳಗೆ ಸೇರಿ ಹಾಡಿದವರಿಗೂ ಇರುವ ವ್ಯತ್ಯಾಸವು ಇಲ್ಲಿ ಕಂಡುಬರುತ್ತದೆ.

೬

ಇನ್ನು ಕನ್ನಡವು ಈ ಪದಗಳನ್ನು ಸ್ವೀಕರಿಸಿದ ಕ್ರಮವನ್ನು ನೋಡೋಣ. ಅನ್ಯಭಾಷೆಯ ಪದಗಳಿಗೆ ‘ಇಸು’ ಪ್ರತ್ಯಯವನ್ನು ಹತ್ತಿಸಿ ಕನ್ನಡ ಧಾತುವನ್ನಾಗಿ ಮಾಡಿಕೊಳ್ಳುವ ಪದ್ಧತಿಯು ಪ್ರಾಚೀನವಾದುದು. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಸಂಸ್ಕೃತ ಪದಗಳ ವಿಷಯವಾಗಿ ಇದನ್ನು ನಿರೂಪಿಸಿದ್ದಾನೆ. ಅದೇ ಬಾಗಿಲಿನಿಂದ ಹಿಂದೂಸ್ತಾನಿಯ ಪದಗಳೂ ಒಳಗೆ ಬಂದವು: ಚಲಾಯಿಸು, ಜಮಾಯಿಸು, ಬದಲಾಯಿಸು, ರವಾನಿಸು, ದೌಡಾಯಿಸು. ಇಂಗ್ಲಿಷಿನಂತೆ ಕನ್ನಡವು ಅಪ್ಪಣೆಯ ರೂಪವನ್ನು ಹಿಡಿದುಕೊಳ್ಳಲಿಲ್ಲ. ಪ್ರಕೃತಿಯನ್ನು ತೆಗೆದುಕೊಂಡು ತನ್ನ ಪ್ರತ್ಯಯವನ್ನು ಸೇರಿಸಿತು. ಆದುದರಿಂದ ದೌಡಾಯಿಸಿದೆನು, ದೌಡಾಯಿಸುವಳು, ದೌಡಾಯಿಸಿದರು ಎಂದು ಎಲ್ಲ ಪುರುಷಗಳಲ್ಲಿಯೂ ಕಾಲಗಳಲ್ಲಿಯೂ ಅದು ಸಲೀಸಾಗಿ ನಡೆಯುತ್ತದೆ.

ಅರ್ಥದಲ್ಲಿಯೂ ಒಂದು ಸೂಕ್ಷ್ಮವಿದೆ. ಹಿಂದಿಯಲ್ಲಿ ‘ದೌಡಾನಾ’ ಎಂದರೆ ಓಡಿಸುವುದು, ಉದಾಹರಣೆಗೆ ಕುದುರೆಯನ್ನು ಓಡಿಸುವುದು. ‘ದೌಡಾಯಿಸು’ ಎಂಬುದರ ರೂಪವು ಅದನ್ನೇ ಅನುಸರಿಸಿದೆ. ಆದರೆ ಕನ್ನಡದಲ್ಲಿ ಅದರ ಅರ್ಥ ತಾನೇ ಓಡುವುದು, ಧಾವಿಸುವುದು. ‘ಅಧಿಕಾರಿಗಳು ಸ್ಥಳಕ್ಕೆ ದೌಡಾಯಿಸಿದರು’ ಎಂದರೆ ಅಧಿಕಾರಿಗಳು ಯಾರನ್ನೋ ಓಡಿಸಿದರೆಂದು ಅರ್ಥವಲ್ಲ. ಕುದುರೆಯನ್ನು ದೌಡಾಯಿಸಿದನು ಎಂಬಲ್ಲಿ ಕರ್ಮಪದವು ಬಿಟ್ಟುಹೋಗಿ, ಕುದುರೆಯ ಓಟವು ಸವಾರನದೇ ಓಟವಾಗಿ ಪರಿಣಮಿಸಿರಬಹುದೆಂದು ನಾವು ಊಹಿಸುತ್ತೇವೆ. ಹೇಗಿದ್ದರೂ ಓಡಿಸುವವನ ಕ್ರಿಯೆಯು ಓಡುವವನ ಕ್ರಿಯೆಯಾಗಿ ಮಾರ್ಪಟ್ಟಿತೆಂಬುದರಲ್ಲಿ ಸಂದೇಹವಿಲ್ಲ.

ಗ್ರಾಮದ ಮಾತಿನಲ್ಲಿ ಈ ಪರಿವರ್ತನೆ ಮತ್ತೂ ಮುಂದುವರಿದಿದೆ. ‘ಮಳಿ ಬರ್ತದ, ದೌಡ ರಾಶಿ ಮಾಡ್ರಿ’ ಎಂಬಂತಹ ವಾಕ್ಯದಲ್ಲಿ ದಂಡೂ ಇಲ್ಲ, ಕುದುರೆಯೂ ಇಲ್ಲ, ಓಟವೂ ಇಲ್ಲ. ಕಣದಲ್ಲಿ ಜೋಳದ ರಾಶಿ, ಮೇಲೆ ಮೋಡ, ನಡುವೆ ಕೂಡಿ ದುಡಿಯುವ ಜನ. ಇಲ್ಲಿ ಅವಸರ ಮಾಡುವವನೂ ಅವಸರಕ್ಕೆ ಒಳಗಾಗುವವನೂ ಬೇರೆಯಲ್ಲ. ಒಂದು ಕಾಲಕ್ಕೆ ಇದೇ ಬೆಳೆಯನ್ನು ದೋಚಲು ಬರುತ್ತಿದ್ದ ಸವಾರನ ವೇಗಕ್ಕೆ ಹೆಸರಾಗಿದ್ದ ಪದವು ಬೆಳೆಯನ್ನು ಉಳಿಸಿಕೊಳ್ಳುವ ರೈತನ ವೇಗಕ್ಕೆ ಹೆಸರಾಯಿತು. ‘ಡೌರ್’ ಅಳಿದು ‘ದೌಡು’ ಉಳಿದುದಕ್ಕೆ ಇದೇ ಮುಖ್ಯ ಕಾರಣವೆಂದು ನಮ್ಮ ಅಭಿಪ್ರಾಯ. ದಂಡಿನ ಡೇರೆಯನ್ನು ಬಿಟ್ಟು ಹೊರಬರಲಾರದ ಪದವು ಡೇರೆ ಕಿತ್ತಾಗ ಹೋಯಿತು. ಕಣಕ್ಕೂ ಅಡಿಗೆಮನೆಗೂ ಸಂತೆಗೂ ಬಂದ ಪದಕ್ಕೆ ರಾಜ್ಯಗಳ ಏಳುಬೀಳಿನ ಹಂಗು ತಪ್ಪಿತು.

‘ಜಲ್ದಿ’ಯ ಕಥೆಯೂ ಇಂತಹುದೇ. ಹೈದರಾಬಾದ್ ಸಂಸ್ಥಾನದಲ್ಲಿ ೧೮೮೪ರ ಸುಮಾರಿಗೆ ಪಾರಸಿಯ ಸ್ಥಾನದಲ್ಲಿ ಉರ್ದು ಆಡಳಿತಭಾಷೆಯಾಯಿತು. ೧೯೧೮ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉಚ್ಚ ಶಿಕ್ಷಣವನ್ನೂ ಉರ್ದುವಿನಲ್ಲಿಯೇ ನೀಡಿತು. ಕಚೇರಿಯ ತಾಕೀದು, ಜರೂರು, ಹುಕುಂ ಮೊದಲಾದ ಪದಗಳು ಮೇಲಿನಿಂದ ಇಳಿದುಬಂದುವೆಂಬುದು ನಿಜ. ಕನ್ನಡಿಗನೂ ಅಪ್ಪಣೆಯನ್ನು ಹೊತ್ತವನೇ. ಕನ್ನಡದ ಶಾಲೆಗಳ ಕೊರತೆಯಿಂದ ಈ ಭಾಗದ ಜನ ಪಟ್ಟ ಪಾಡನ್ನೂ ಮರೆಯಲಾಗದು. ಆದರೆ ‘ಜಲ್ದಿ’ ಬಂದುದು ಕಚೇರಿಯಿಂದ ಮಾತ್ರವಲ್ಲ. ದಖ್ಖನಿ ಮಾತನಾಡುವ ನೆರೆಮನೆಯಿಂದ, ಸಂತೆಯಿಂದ, ದರ್ಗಾದ ಉರುಸಿನಿಂದಲೂ ಬಂದಿತು. ಆದುದರಿಂದಲೇ ೧೯೪೮ರ ಸೆಪ್ಟೆಂಬರ್ ೧೭ರಂದು ನಿಜಾಮರ ಆಳ್ವಿಕೆ ಮುಗಿದು, ೧೯೫೬ರ ನವೆಂಬರ್ ೧ರಂದು ಈ ಭಾಗವು ಕನ್ನಡ ರಾಜ್ಯದಲ್ಲಿ ಸೇರಿದ ಮೇಲೂ ಆ ಪದ ಹೋಗಲಿಲ್ಲ. ಆ ಹೊತ್ತಿಗೆ ಅದು ಪ್ರಭುವಿನ ಮಾತಾಗಿರದೆ ತಾಯಿ ಮಗುವನ್ನು ಕರೆಯುವ ಮಾತಾಗಿತ್ತು.

ರೈಲು ಬಂದುದರಿಂದ ಅವಸರದ ಸ್ವರೂಪವೂ ಬದಲಾಯಿತೆಂಬುದನ್ನು ಇಲ್ಲಿಯೇ ಹೇಳಬೇಕು. ಮುಂಬಯಿ ಕಡೆಯ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗವೂ ಮದರಾಸಿನ ಮಾರ್ಗವೂ ೧೮೭೧ರಲ್ಲಿ ರಾಯಚೂರಿನಲ್ಲಿ ಕೂಡಿದವು. ಆ ಮಾರ್ಗ ಯಾದಗಿರಿಯ ಮೂಲಕವೇ ಹಾದುಹೋಯಿತು. ೧೮೭೪ರಲ್ಲಿ ವಾಡಿಯಿಂದ ಹೈದರಾಬಾದಿನ ಕಡೆಗೂ ರೈಲು ಓಡತೊಡಗಿತು. ಮಳೆ, ಬಿಸಿಲು, ದಂಡು ಇವುಗಳ ಅವಸರಕ್ಕೆ ಗಡಿಯಾರದ ಅವಸರ ಸೇರಿತು. ಆದರೂ ಹೊಸ ಅವಸರಕ್ಕೆ ಜನರು 
ಹೊಸ ಪದವನ್ನು ಹುಡುಕಲಿಲ್ಲ. ರೈಲು ತಪ್ಪೀತೆಂದಾಗಲೂ ‘ದೌಡ ನಡಿ’ ಎಂದೇ ಅಂದರು.

೭

ಈಗ ಶುದ್ಧಾಶುದ್ಧದ ಪ್ರಶ್ನೆಗೆ ಬರೋಣ. ‘ದೌಡ’, ‘ಜಲ್ದಿ’ಗಳನ್ನು ಹೊಡೆದುಹಾಕಿ ನಾವು ಬರೆಸುವ ಪದಗಳಾದರೂ ಯಾವುವು? ‘ಬೇಗ’ ಎಂಬುದು ಸಂಸ್ಕೃತದ ‘ವೇಗ’ದ ತದ್ಭವ, ವಸತಿಯು ಬಸದಿಯಾದಂತೆ ವಕಾರವು ಬಕಾರವಾಗಿದೆ. ‘ತ್ವರೆ’ ಸಂಸ್ಕೃತವೇ. ‘ಅವಸರ’ವು ಸಂಸ್ಕೃತದಲ್ಲಿ ಸಂದರ್ಭ, ಸಮಯ ಎಂಬರ್ಥವುಳ್ಳದ್ದು, ಸಮಯ ಮೀರುವುದೆಂಬ ಆತಂಕವು ಸೇರಿ ಕನ್ನಡದಲ್ಲಿ ಆತುರವಾಯಿತು. ‘ಲಗು’ ಎಂಬುದು ಹಗುರ, ಚುರುಕು ಎಂಬರ್ಥದ ಸಂಸ್ಕೃತದ ‘ಲಘು’. ಸರಕಾರಿ ಪತ್ರಗಳ ‘ತುರ್ತು’ ಮರಾಠಿಯ ‘ತೂರ್ತ’ದ ನೆಂಟ. ಬಿರ್ರನೆ, ಸರ್ರನೆ, ಥಟ್ಟನೆ ಮೊದಲಾದ ಅನುಕರಣ ಶಬ್ದಗಳನ್ನು ಬಿಟ್ಟರೆ ನಾವು ನಿತ್ಯ ಬಳಸುವ ಅವಸರವಾಚಕಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ಕಾಲದಲ್ಲಿ ಹೊರಗಿನಿಂದ ಬಂದವುಗಳೇ. ಮೊದಲು ಬಂದುದನ್ನು ಶುದ್ಧವೆಂದೂ ಅನಂತರ ಬಂದುದನ್ನು ಅಶುದ್ಧವೆಂದೂ ಕರೆಯುವುದು ಕಾಲಾನುಕ್ರಮದ ವಿಚಾರವೇ ಹೊರತು ಭಾಷೆಯ ಯೋಗ್ಯತೆಯ ವಿಚಾರವಲ್ಲ.

ಇದರಿಂದ ಪ್ರಬಂಧದ ಭಾಷೆಗೂ ಮನೆಯ ಭಾಷೆಗೂ ಭೇದವೇ ಬೇಡವೆಂದು ನಾವು ಹೇಳುತ್ತಿಲ್ಲ. ಗ್ರಾಂಥಿಕ ಶೈಲಿಯನ್ನು ಕಲಿಸುವುದು ಅಧ್ಯಾಪಕನ ಕರ್ತವ್ಯ. ಆದರೆ ‘ಇದು ಪ್ರಬಂಧಕ್ಕೆ ಒಪ್ಪದ ಪದ’ ಎನ್ನುವುದು ಬೇರೆ. ‘ಇದು ಕನ್ನಡವೇ ಅಲ್ಲ’ ಎನ್ನುವುದು ಬೇರೆ. ಮೊದಲನೆಯದು ಶೈಲಿಯ ಶಿಕ್ಷಣ. ಎರಡನೆಯದು ವಿದ್ಯಾರ್ಥಿಯ ಊರಿನ ಐದಾರು ಶತಮಾನಗಳ ಚರಿತ್ರೆಯನ್ನು ಒಂದು ಗೆರೆಯಿಂದ ಅಳಿಸಿಹಾಕುವ ಕಾರ್ಯ. ತನ್ನ ಮನೆಯ ಮಾತು ಕನ್ನಡವಲ್ಲವೆಂದು ಕಾಲೇಜಿನಲ್ಲಿ ಕೇಳಿಸಿಕೊಂಡ ವಿದ್ಯಾರ್ಥಿಯು ಮುಂದೆ ತರಗತಿಯಲ್ಲಿ ಬಾಯಿ ತೆರೆಯಲು ಹಿಂಜರಿಯುವನೆಂಬುದನ್ನು ಈ ಭಾಗದ ಅಧ್ಯಾಪಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪದಸಾಕ್ಷ್ಯವನ್ನು ಬಳಸುವಾಗ ಎಚ್ಚರವೂ ಆವಶ್ಯಕ. ಒಂದು ಪದವು ಇದೆಯೆಂಬುದರಿಂದಲೇ ಒಂದು ಘಟನೆ ನಡೆಯಿತೆಂದು ಹೇಳಲಾಗದು. ಧ್ವನಿಸಾಮ್ಯವಿದ್ದ ಮಾತ್ರಕ್ಕೆ ಸಂಬಂಧವನ್ನು ಕಲ್ಪಿಸಲಾಗದು. ರೂಪ, ಅರ್ಥ, ಬಳಕೆಯ ಸನ್ನಿವೇಶ ಈ ಮೂರೂ ಒಂದೇ ಕಡೆಗೆ ಬೆರಳು ತೋರಿದಾಗ ಮಾತ್ರ ಪದವು ಸಾಕ್ಷಿಯ ಕಟ್ಟೆಯನ್ನು ಹತ್ತಬಹುದು. ‘ದೌಡು’ ಮತ್ತು ‘ಡೌರ್’ಗಳ ವಿಷಯದಲ್ಲಿ ಈ ಮೂರೂ ಕೂಡಿಬರುತ್ತವೆ.

ಯಾದಗಿರಿಯು ೨೦೦೯ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಹೈದರಾಬಾದ್ ಕರ್ನಾಟಕವೆಂಬ ಹೆಸರು ೨೦೧೯ರಲ್ಲಿ ಕಲ್ಯಾಣ ಕರ್ನಾಟಕವೆಂದು ಬದಲಾಯಿತು. ಹೆಸರುಗಳನ್ನು ಆದೇಶದಿಂದ ಬದಲಿಸಬಹುದು. ಕ್ರಿಯಾಪದಗಳು ಹಾಗೆ ಬದಲಾಗುವುದಿಲ್ಲ. ಆದರೆ ಆಡುವವರು ಕಡಿಮೆಯಾದರೆ ಅವೂ ಅಳಿಯುತ್ತವೆ. ಕೊಂಕಲ್, ಸಗರ, ಸುರಪುರ ಮೊದಲಾದ ಊರುಗಳಿಂದ ಬರುವ ವಿದ್ಯಾರ್ಥಿಗಳು ತಮ್ಮ ಹಿರಿಯರ ಮಾತಿನಿಂದ ಓಟ, ಸುದ್ದಿ, ದಾರಿ, ದಂಡು ಇವುಗಳಿಗೆ ಸಂಬಂಧಿಸಿದ ಪದಗಳನ್ನು, ಯಾರು ಯಾರಿಗೆ ಯಾವ ಸಂದರ್ಭದಲ್ಲಿ ಆಡುತ್ತಾರೆಂಬ ವಿವರದೊಡನೆ, ಬರೆದಿಟ್ಟುಕೊಳ್ಳುವುದು ಅಪೇಕ್ಷಣೀಯ. ಯೂಲ್ ಮತ್ತು ಬರ್ನೆಲರು ಆಳುವವರ ಬಾಯಲ್ಲಿದ್ದ ಭಾರತೀಯ ಪದಗಳನ್ನು ಶ್ರದ್ಧೆಯಿಂದ ಕೂಡಿಸಿದರು. ಆಳಲ್ಪಟ್ಟವರ ಬಾಯಲ್ಲಿ ಅವೇ ಪದಗಳು ಏನಾದವೆಂಬ ಕೋಶವನ್ನು ಸಿದ್ಧಪಡಿಸುವ ಕೆಲಸ ನಮ್ಮದು. ಅದಕ್ಕೆ ಬೇಕಾದ ಸಾಮಗ್ರಿಯು ನಮ್ಮ ತರಗತಿಗಳಲ್ಲಿಯೇ ಕುಳಿತಿದೆ.